ಒಂಟಿಮನೆ, ಒತ್ತುಗೋಡೆ

ಜನಗಣತಿಗೆ ಹೊರಟ ಮೇಷ್ಟ್ರಿಗೆ ಮೊದಲು ಬೀಳುವ ಕೆಲಸ ಎಣಿಕೆಯದ್ದಲ್ಲ, ನಕಾಶೆಯದ್ದು. ತನ್ನ ಪಾಲಿನ ಬ್ಲಾಕಿನ ಓಣಿ, ಬಾವಿ, ಗುಡಿ, ಹಳ್ಳಗಳನ್ನು ಕೈಯಲ್ಲೇ ಬರೆಯಬೇಕು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ ಹಾಕಿ ಒಂದೊಂದಕ್ಕೂ ನಂಬರು ಕೊಡಬೇಕು. 2011ರ ಗಣತಿಯಲ್ಲಿ ನಾನು ಅಂಥದೊಂದು ನಕಾಶೆ ಬರೆದದ್ದು ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ. ನನ್ನ ಅಣ್ಣನೂ ಮೇಷ್ಟ್ರು. ಅವನು ಅದೇ ಕೆಲಸ ಮಾಡಿದ್ದು ನಮ್ಮ ಹುಟ್ಟೂರಿನ ಕಡೆ, ಹೊಸನಗರ ತಾಲ್ಲೂಕಿನಲ್ಲಿ. ರಜೆಗೆ ಊರಿಗೆ ಹೋದಾಗ ಇಬ್ಬರೂ ಇಟ್ಟುಕೊಂಡಿದ್ದ ಕರಡು ಹಾಳೆಗಳನ್ನು ಜಗಲಿಯ ಮೇಲೆ ಹರಡಿ ನೋಡಿದೆವು. ಇಬ್ಬರ ಪಾಲಿಗೂ ಬಂದಿದ್ದ ಜನ ಹೆಚ್ಚುಕಡಿಮೆ ಅಷ್ಟೇ, 600ರ ಆಸುಪಾಸು. ನನ್ನ ಹಾಳೆಯಲ್ಲಿ ಅವರೆಲ್ಲ ಮೂರು ಓಣಿಗಳೊಳಗೆ ಮುಗಿದುಹೋಗಿದ್ದರು. ಒಂದು ಮನೆಯ ಗೋಡೆ ಎಲ್ಲಿ ಮುಗಿಯಿತು, ಇನ್ನೊಂದರದ್ದು ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯದ ಹಾಗೆ ಚೌಕಕ್ಕೆ ಚೌಕ ಅಂಟಿಕೊಂಡಿತ್ತು. ಅಣ್ಣನ ಹಾಳೆಯ ತುಂಬ ಗುಡ್ಡ, ಹಳ್ಳ, ತೋಟದ ಕಣಿವೆ. ಮನೆಗಳು ಇಲ್ಲಿ ಮೂರು, ಅಲ್ಲಿ ಒಂದು. ನಡುನಡುವೆ ಕಾಲುಸಂಕದ ಗುರುತು.

"ಅಲ್ಲ ಮಾರಾಯ, ಅಷ್ಟಗಲ ಬಯಲು ಇಟ್ಕೊಂಡು ಇವ್ರು ಯಾಕೆ ಹಿಂಗೆ ಒಬ್ರಿಗೊಬ್ರು ಒತ್ತಿ ಕೂತಿದಾರೆ?" ಎಂದ ಅಣ್ಣ. ನಮ್ಮಲ್ಲಿ ಮನೆ ಕಟ್ಟುವ ಮುಂಚೆ ಧರೆ ಕಡಿದು ಜಾಗ ಸಮ ಮಾಡಿಕೊಳ್ಳಬೇಕು. ಅಲ್ಲಿ ಕಣ್ಣು ಹಾಯುವಷ್ಟು ದೂರವೂ ಸಮತಟ್ಟು. ಆದರೂ ಜನ ಇರುವುದು ಹಾಗೆ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನೀರಿದ್ದಲ್ಲಿ ಜನ ಎಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಗಂಗೆಯ ಬಯಲು, ಕಾವೇರಿಯ ಮುಖಜಭೂಮಿ ಎಂದು ಉದಾಹರಣೆ ಕೊಡುತ್ತೇವೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ವಿಜಯಪುರ ಜಿಲ್ಲೆಗೆ ಸಿಗುವುದು ಅದರ ಹತ್ತರಲ್ಲಿ ಒಂದು ಪಾಲೂ ಅಲ್ಲ. ಎರೆ ಸೀಮೆಯಲ್ಲಿ ಜನ ಒತ್ತಾಗಿ ಕೂತದ್ದು ನೀರು ಹೆಚ್ಚಿದ್ದುದಕ್ಕಲ್ಲ, ಕಡಿಮೆಯಿದ್ದುದಕ್ಕೆ. ಡೋಣಿ ಹೊಳೆಯ ನೀರು ಸವಳು. ಅದರ ಆಚೀಚೆ ಎಷ್ಟೋ ಕಡೆ ತೋಡಿದ ಬಾವಿಗೂ ಸವಳೇ ಬರುತ್ತದೆ. ಸೀನೀರಿನ ಒಂದು ಸೆಲೆ ಎಲ್ಲಿ ಸಿಕ್ಕಿತೋ ಅಲ್ಲಿ ಇಡೀ ಊರು ನಿಂತಿತು. ನಮ್ಮ ಮಲೆನಾಡಿನಲ್ಲಿ ಪ್ರತಿ ಮನೆಗೂ ಅದರದೇ ಬಾವಿ. ಇಲ್ಲವಾದರೆ ಗುಡ್ಡದ ಸೆಲೆಯಿಂದ ಸೀಳಿದ ಅಡಿಕೆ ಮರದಲ್ಲಿ ಹಾಯಿಸಿಕೊಂಡ ಅಬ್ಬಿ ನೀರು ಅಂಗಳಕ್ಕೇ ಬಂದು ಬೀಳುತ್ತದೆ. ಕೊಡ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗಿಲ್ಲದ ಕಡೆ ಮನೆಗಳು ದೂರ ದೂರ ಸರಿದವು.

ನೀರಿನ ಜೊತೆಗೆ ಭಯವೂ ಇತ್ತು. ನಾನಿದ್ದ ಊರಿನ ಅಗಸಿ ಬಾಗಿಲಿನ ಹತ್ತಿರ ಕಲ್ಲು ಮಣ್ಣಿನ ಹಳೆಯ ಹುಡೇವು ಒಂದಿದೆ. ಆ ಕಡೆಯ ಎಷ್ಟೋ ಊರುಗಳಲ್ಲಿ ಅಂಥ ಹುಡೇವು ಇವೆ. ದಂಡು, ದರೋಡೆಕೋರರು ಬರುವುದನ್ನು ದೂರದಿಂದಲೇ ಕಾಣಲು ಕಟ್ಟಿಕೊಂಡವು. ಅದರ ನೆರಳಲ್ಲಿ ಕೂತಿದ್ದ ಮುತ್ಯಾ ಒಬ್ಬರನ್ನು ಕೇಳಿದೆ, ಹೊಲದಲ್ಲೇ ಯಾಕೆ ಮನೆ ಕಟ್ಟಲಿಲ್ಲ ಎಂದು. "ಹೊಲದಾಗ ಒಬ್ಬರ ಹೆಂಗ ಇರೂದ್ರಿ ಮಾಸ್ತರ? ರಾತ್ರಿ ಯಾರರ ಬಂದ್ರ ಒದರಿದ್ರೂ ಯಾರಿಗಿ ಕೇಳಸ್ತದ?" ಎಂದರು. ಪಿಂಡಾರಿಗಳ ಹಾವಳಿ ನಿಂತು ಇನ್ನೂರು ವರ್ಷವಾಯಿತು. ಆದರೂ ಆ ಉತ್ತರದಲ್ಲಿದ್ದ ಅಂಜಿಕೆ ಹಳತಾಗಿರಲಿಲ್ಲ.

ಮಣ್ಣಿನ ಮಾತೂ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕಾಲು ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಸುಮ್ಮನೆ ನಿಲ್ಲುವುದಿಲ್ಲ. ಹೀಗಾಗಿ ಗಟ್ಟಿ ನೆಲದ ದಿನ್ನೆ ಸಿಕ್ಕಿದ ಕಡೆ ಮನೆಗಳು ಕೂಡಿದವು, ಬಿಳಿಜೋಳ ಬೆಳೆಯುವ ನೆಲ ಬೆಳೆಗೇ ಉಳಿಯಿತು. ಮಣ್ಣಿನ ಮಾಳಿಗೆಯ ಮನೆಗಳು ಗೋಡೆಗೆ ಗೋಡೆ ಕೊಟ್ಟು ನಿಂತರೆ ಬಿಸಿಲಿಗೆ ಒಡ್ಡಿಕೊಳ್ಳುವ ಗೋಡೆಗಳೂ ಕಡಿಮೆ. ನಮ್ಮಲ್ಲಿ ಇದು ಆಗದ ಕೆಲಸ. ಮಲೆನಾಡಿನ ಇಳಿಜಾರು ಮಾಡಿನಿಂದ ಆಷಾಢದಲ್ಲಿ ಸುರಿಯುವ ಸೂರುನೀರು ಯಾರದಾದರೂ ಅಂಗಳಕ್ಕೆ ಬೀಳಲೇಬೇಕು. ತೋಟ ಕಣಿವೆಯಲ್ಲಿ, ಅದಕ್ಕೆ ಗೊಬ್ಬರವಾಗುವ ಸೊಪ್ಪು ಮೇಲಿನ ಬೆಟ್ಟದಲ್ಲಿ. ಇವೆರಡರ ನಡುವೆ ಮನೆ. ಒಂದು ಎಕರೆ ತೋಟ ಬದುಕಲು ಹಲವು ಎಕರೆ ಸೊಪ್ಪಿನಬೆಟ್ಟ ಬೇಕು. ಇನ್ನೊಂದು ಮನೆ ಬರಬೇಕಾದರೆ ಇನ್ನೊಂದು ಕಣಿವೆಯೇ ಬೇಕು.

ಇಷ್ಟನ್ನೇ ಹೇಳಿ ಬಿಟ್ಟರೆ ನೆಲ ಹೇಳಿದಂತೆ ಜನ ಕೇಳಿದರು ಎಂದು ತಿಳಿಯಬೇಕಾಗುತ್ತದೆ. ಆದರೆ ಮಲೆನಾಡಿನ ತೆರಪಿಗೆ ಇನ್ನೊಂದು ಕಾರಣವಿತ್ತು. ಅದು ಈಗ ಯಾರ ನೆನಪಿನಲ್ಲೂ ಇದ್ದಂತಿಲ್ಲ. ನಮ್ಮ ಕಡೆ ಕಾಡಿನೊಳಗೆ ನಡೆದರೆ ಅಲ್ಲಲ್ಲಿ ಮನೆಯ ಪಂಚಾಂಗ ಕಾಣುತ್ತದೆ. ಕೆಲವು ಕಡೆ ತುಳಸಿಕಟ್ಟೆ, ಮುಚ್ಚಿಹೋದ ಬಾವಿ. ಅವುಗಳಲ್ಲಿ ಎಷ್ಟೋ ಮನೆಗಳನ್ನು ಖಾಲಿ ಮಾಡಿದ್ದು ಮಲೇರಿಯಾ. ಚಳಿಜ್ವರ, ಜ್ವರಗಡ್ಡೆ ಎಂದು ಅಜ್ಜಿ ಹೇಳುತ್ತಿದ್ದದ್ದು ಅದನ್ನೇ. ಉತ್ತರ ಕನ್ನಡ ಜಿಲ್ಲೆಯಲ್ಲಿ 1891ರಲ್ಲಿ ಇದ್ದದ್ದಕ್ಕಿಂತ 1921ರಲ್ಲಿ ಜನ ಕಡಿಮೆಯಾಗಿದ್ದರು. ಪ್ಲೇಗು, 1918ರ ಇನ್‌ಫ್ಲುಯೆಂಜಾಗಳೂ ಸೇರಿದ್ದವು ನಿಜ, ಆದರೆ ಘಟ್ಟದ ಮೇಲಿನ ತಾಲ್ಲೂಕುಗಳನ್ನು ವರ್ಷ ವರ್ಷವೂ ತಿಂದದ್ದು ಜ್ವರ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಡಿಡಿಟಿ ಬಂತು. ಜ್ವರ ಇಳಿದ ಮೇಲೆ ಘಟ್ಟದ ಕೆಳಗಿನಿಂದ, ಕೇರಳದಿಂದ ಜನ ಹತ್ತಿ ಬಂದರು. ಅದೇ ಮಳೆ, ಅದೇ ಗುಡ್ಡ, ಅದೇ ಮಣ್ಣು. ನಡುವೆ ಬದಲಾದದ್ದು ಒಂದು ಸೊಳ್ಳೆಯ ಪಾಡು. ವಿರಳ ಜನವಸತಿ ಎಂದು ಭೂಗೋಳದ ಪುಸ್ತಕದಲ್ಲಿ ಓದುವಾಗ ಅದರ ಹಿಂದೆ ಎಷ್ಟು ಮಕ್ಕಳ ಸಾವಿದೆಯೋ ಎಂದು ಈಗೀಗ ನನಗೆ ಅನ್ನಿಸುತ್ತದೆ.

ಎರೆ ಸೀಮೆಯಲ್ಲೂ ಬದಲಾವಣೆ ಬಂದಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು, ಅದಕ್ಕಿಂತ ಹೆಚ್ಚಾಗಿ ಬೋರ್‌ವೆಲ್, ಸೀನೀರ ಬಾವಿಯ ಸುತ್ತ ಕಟ್ಟಿದ್ದ ಗಂಟನ್ನು ಸಡಿಲ ಮಾಡಿದವು. ಇಂಡಿಯ ಕಡೆ ಲಿಂಬೆ, ತಿಕೋಟಾ ಕಡೆ ದ್ರಾಕ್ಷಿ, ಮತ್ತೆಲ್ಲ ಕಬ್ಬು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೊಲದಲ್ಲೇ ಇರಬೇಕು. ಹಾಗಾಗಿ ತೋಟದ ವಸ್ತಿಗಳು ಎದ್ದವು. ಊರೊಳಗಿನ ಹಿರಿ ಮನೆಗೆ ಕೀಲಿ ಹಾಕಿ ಅಣ್ಣತಮ್ಮಂದಿರು ತಮ್ಮ ತಮ್ಮ ಹೊಲಕ್ಕೆ ಹೋದರು. ಹೊಲದಲ್ಲಿ ಒಬ್ಬರೇ ಹೇಗಿರುವುದು ಎಂದು ಕೇಳಿದ ಆ ಮುತ್ಯಾನ ಮೊಮ್ಮಕ್ಕಳೂ ಈಗ ವಸ್ತಿಯಲ್ಲಿದ್ದಾರೆ.

ಹೀಗೆ ಊರು ಸಡಿಲವಾದಾಗಲೇ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಂಡದ್ದು. ಸಡಿಲವಾದದ್ದು ಊರಿನ ಒಂದು ಭಾಗ ಮಾತ್ರ. ಹೊಲವಿದ್ದವರು ಹೊಲಕ್ಕೆ ಹೋದರು. ಅಗಸಿಯಿಂದ ಆಚೆ ಇರುವ ದಲಿತರ ಕೇರಿಯಿಂದ ಯಾರೂ ಎಲ್ಲಿಗೂ ಹೋಗಲಿಲ್ಲ. ಹೋಗಲು ಹೊಲವೇ ಇರಲಿಲ್ಲ. ನನ್ನ ನಕಾಶೆಯಲ್ಲಿ ಅತ್ಯಂತ ಕಷ್ಟಪಟ್ಟು ಬರೆದ ಮೂಲೆ ಅದೇ. ಚೌಕ ಹಾಕಲೂ ತ್ರಿಕೋನ ಹಾಕಲೂ ಹಾಳೆಯಲ್ಲಿ ಜಾಗ ಸಾಲದೆ, ಅಂಚಿನಲ್ಲಿ ದೊಡ್ಡದಾಗಿ ಬೇರೆಯೇ ಚಿತ್ರ ಬರೆದು ನಂಬರು ಕೊಡಬೇಕಾಯಿತು. ಅಜ್ಜನ ಕಾಲಕ್ಕೆ ಒಂದು ಮನೆಯಿದ್ದ ಜಾಗದಲ್ಲಿ ಅಡ್ಡ ಗೋಡೆಗಳೆದ್ದು ನಾಲ್ಕು ಸಂಸಾರ. ಮನೆಯ ಮುಂದೆ ಒಂದು ಎಮ್ಮೆ ಕಟ್ಟುವಷ್ಟೂ ಅಂಗಳವಿಲ್ಲ. ಸುತ್ತ ಮೂರು ಕಡೆ ಬೇರೆಯವರ ಹೊಲ, ನಾಲ್ಕನೆಯ ಕಡೆ ರಸ್ತೆ. 1974ರ ಭೂಸುಧಾರಣೆ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿಯಲ್ಲಿದ್ದವರಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ಎರಡು ತಲೆಮಾರಿನಲ್ಲಿ ಜನ ಬೆಳೆದರು, ಕೇರಿಯ ಗೆರೆ ಬೆಳೆಯಲಿಲ್ಲ.

ನೀರಿನ, ಭಯದ, ಮಣ್ಣಿನ ಕಾರಣಗಳೆಲ್ಲ ಊರು ಯಾಕೆ ಒತ್ತಾಯಿತು ಎನ್ನುವುದಕ್ಕೆ ಉತ್ತರ ಕೊಡುತ್ತವೆ. ಕೇರಿ ಯಾಕೆ ಒತ್ತಾಯಿತು ಎನ್ನುವುದಕ್ಕೆ ಅವುಗಳಲ್ಲಿ ಯಾವುದೂ ಉತ್ತರವಲ್ಲ. ಆ ಸೀನೀರ ಬಾವಿಯ ಹತ್ತಿರ ಅವರನ್ನು ಬಿಟ್ಟುಕೊಂಡವರೇ ಇರಲಿಲ್ಲವಲ್ಲ. ಜನ ಒಂದೆಡೆ ಕೂಡುವುದು ಬೇರೆ, ಕೂಡಿಹಾಕಿಸಿಕೊಳ್ಳುವುದು ಬೇರೆ. ಲೆಕ್ಕದಲ್ಲಿ ಇವೆರಡೂ ಒಂದೇ ಅಂಕಿಯಾಗಿ ಕೂತುಬಿಡುತ್ತವೆ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಇಲ್ಲೇ. ದಟ್ಟಣೆ ಕಂಡಲ್ಲೆಲ್ಲ ಇಲ್ಲಿಗೆ ಜನರನ್ನು ಎಳೆದದ್ದು ಏನು ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಇಲ್ಲಿಂದ ಹೊರಡಲು ಯಾರಿಗೆ ದಾರಿಯಿತ್ತು, ಯಾರಿಗೆ ಇರಲಿಲ್ಲ ಎಂದು ಕೇಳುವುದನ್ನು ಕಲಿತಿಲ್ಲ.

ಅಂಕಿಗಳ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. 2011ರಲ್ಲಿ ಕರ್ನಾಟಕದ ಸರಾಸರಿ ಚದರ ಕಿಲೋಮೀಟರಿಗೆ 319 ಜನ. ಅಂದಿನ ಬಿಜಾಪುರ ಜಿಲ್ಲೆಯದ್ದು 207. ದಕ್ಷಿಣ ಕನ್ನಡದ್ದು 400ಕ್ಕೂ ಮೇಲೆ, ಎಂದರೆ ಸುಮಾರು ಎರಡು ಪಟ್ಟು. ಆದರೆ ಪುತ್ತೂರಿನ ಕಡೆ ಹೋಗಿ ನೋಡಿ: ಅಡಿಕೆ, ತೆಂಗು, ರಬ್ಬರಿನ ನಡುವೆ ಒಂದೊಂದೇ ಮನೆ, ಒಂದೊಂದಕ್ಕೂ ಅದರದೇ ಅಂಗಳ, ಬೇಲಿ, ಬಾವಿ. ಕಾಲಿಗೆ ಸಿಗುವ ದಟ್ಟಣೆ ಸಿಂದಗಿಯ ಓಣಿಯಲ್ಲಿದೆ, ಕಾಗದದ ದಟ್ಟಣೆ ಕರಾವಳಿಯಲ್ಲಿದೆ. ಸರಾಸರಿ ತೆಗೆಯುವವರು ಜನರನ್ನು ಇಡೀ ಜಿಲ್ಲೆಯ ಮೇಲೆ ಒಂದೇ ಸಮ ಹರಡಿ ಬಿಡುತ್ತಾರೆ, ರೊಟ್ಟಿ ತಟ್ಟಿದ ಹಾಗೆ. ಯಾವ ಜಿಲ್ಲೆಯಲ್ಲೂ ಯಾರೂ ಹಾಗೆ ಬದುಕುತ್ತಿಲ್ಲ.

ಇನ್ನು ಬೆಂಗಳೂರು. ನಗರ ಜಿಲ್ಲೆಯ ಸಾಂದ್ರತೆ ಆ ಗಣತಿಯಲ್ಲೇ 4300 ದಾಟಿತ್ತು. ಹತ್ತು ವರ್ಷದಲ್ಲಿ ಜನ ಸುಮಾರು ಶೇಕಡಾ 47ರಷ್ಟು ಹೆಚ್ಚಿದ್ದರು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇದ್ದದ್ದಕ್ಕಿಂತ ಸ್ವಲ್ಪ ಕುಸಿಯಿತು. ಹೊಳೆಗಳು ಹುಟ್ಟುವ ಜಿಲ್ಲೆಯಿಂದ ಜನ ಇಳಿದು, ದೊಡ್ಡ ಹೊಳೆಯೊಂದೂ ಇಲ್ಲದ ಎತ್ತರದ ಊರಿಗೆ ಹತ್ತಿದರು. ಕೆರೆ ಕಟ್ಟಿಕೊಂಡು ಬದುಕಿದ್ದ ಪೇಟೆ ಅದು. ಕೆರೆ ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಈಗ ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಿ ಹತ್ತಿಸುತ್ತಾರೆ. 2024ರಲ್ಲಿ ಐದನೆಯ ಹಂತವೂ ಮುಗಿಯಿತು. ದಂಡು ಪ್ರದೇಶ, ರಾಜಧಾನಿ, ಟಾಟಾ ಇನ್‌ಸ್ಟಿಟ್ಯೂಟ್, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಆಮೇಲೆ ಸಾಫ್ಟ್‌ವೇರು, ಹೀಗೆ ಕಾರಣಗಳನ್ನು ಸಾಲಾಗಿ ಹೇಳಬಹುದು. ಆದರೆ ಒಂದು ಹಂತ ದಾಟಿದ ಮೇಲೆ ಬೇರೆ ಕಾರಣ ಬೇಕಾಗುವುದಿಲ್ಲ. ಜನರಿದ್ದಾರೆ ಎಂಬುದಕ್ಕೇ ಜನ ಬರುತ್ತಾರೆ. ಸಿಂದಗಿಯಲ್ಲಿ ನೀರು ಜನರನ್ನು ತನ್ನ ಹತ್ತಿರ ಕೂಡಿಸಿತು. ಇಲ್ಲಿ ಕೂಡಿದ ಜನ ನೀರನ್ನು ತಮ್ಮ ಹತ್ತಿರ ತರಿಸಿಕೊಂಡರು.

ಮೊದಲ ಕಾರಣ ಸತ್ತ ಮೇಲೂ ಜನ ಉಳಿಯುತ್ತಾರೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿಯ ಲೈನ್ ಮನೆಗಳು ಖಾಲಿಯಾಗಲಿಲ್ಲ. ಅಲ್ಲಿನವರು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಇದರಲ್ಲಿ ಊರಿನ ಮೇಲಿನ ಮಮತೆ ಎಷ್ಟು, ಬೆಂಗಳೂರಿನ ಬಾಡಿಗೆ ಕೊಡಲಾಗದ ಅಸಹಾಯಕತೆ ಎಷ್ಟು ಎಂದು ಹೊರಗಿನವರು ಬಿಡಿಸಿ ಹೇಳಲಾರರು.

ಒತ್ತಾಗಿರುವ ಕಡೆಯ ಕಥೆ ಇದಾದರೆ ತೆರಪಾಗಿರುವ ಕಡೆಯ ಪಾಡು ಬೇರೆ. ನಕಾಶೆಯಲ್ಲಿ ಮನೆ ಕಾಣದ ಜಾಗವನ್ನು ಖಾಲಿ ಎಂದುಕೊಳ್ಳುವುದು ದೊಡ್ಡ ಕಚೇರಿಗಳಿಗೆ ಅಭ್ಯಾಸವಾಗಿದೆ. ನಮ್ಮ ಸೊಪ್ಪಿನಬೆಟ್ಟದಲ್ಲಿ ಯಾರೂ ಮಲಗುವುದಿಲ್ಲ, ಹಾಗೆಂದು ಅದು ಖಾಲಿಯಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಣಿವೆಗಳಲ್ಲಿ ಚದರ ಕಿಲೋಮೀಟರಿನ ಲೆಕ್ಕಕ್ಕೆ ಜನ ಕಡಿಮೆಯೇ ಇದ್ದರು. ಆದರೆ ಆ ಗದ್ದೆ, ತೋಟ, ಬೆಟ್ಟ ಅವರನ್ನು ತಲೆಮಾರುಗಳಿಂದ ಹೊತ್ತಿದ್ದವು. ಲಾರಿಗಳಲ್ಲಿ ತಂದು ಕಾಡಿನ ಅಂಚಿಗೆ ಇಳಿಸಿದ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಓಡಾಡುತ್ತಿದ್ದಾರೆ. ಅಲ್ಲಿ ಹುಟ್ಟಿದ ವಿದ್ಯುತ್ತು ರಾಜ್ಯದ ದಟ್ಟ ಊರುಗಳನ್ನು ಇನ್ನಷ್ಟು ದಟ್ಟವಾಗಿಸಿತು. 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನೂ ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬೀದಿಗೆ ಇಳಿಯಿತು. ಒಮ್ಮೆ ಮುಳುಗಿದವರ ಮಕ್ಕಳಿಗೆ ಆ ಸಿಟ್ಟಿನ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಸಣ್ಣ ಸಂಗತಿಗಳಲ್ಲೂ ಇದೇ ಲೆಕ್ಕ. ಅಣ್ಣನ ನಕಾಶೆಯಲ್ಲಿದ್ದ ಕಾಲುಸಂಕಗಳೆಂದರೆ ಅಡಿಕೆ ಮರ ಜೋಡಿಸಿ ಬಿಗಿದವು. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಅದರ ಮೇಲೇ ದಾಟಬೇಕು. ಸೇತುವೆ ಕೇಳಿದರೆ ಎಷ್ಟು ಮನೆಗೆ ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ಮನೆ ಎಂದಾಗ ಕಡತ ಕೆಳಗೆ ಹೋಗುತ್ತದೆ. ಮಕ್ಕಳು ಕಡಿಮೆ ಎಂದು ಶಾಲೆ ಮುಚ್ಚುತ್ತದೆ, ಜನ ಹತ್ತುವುದಿಲ್ಲ ಎಂದು ಬಸ್ಸು ನಿಲ್ಲುತ್ತದೆ. ಶಾಲೆ, ಬಸ್ಸು ಇಲ್ಲ ಎಂದು ಇನ್ನೆರಡು ಮನೆ ಪೇಟೆಗೆ ಇಳಿಯುತ್ತವೆ. ಮುಂದಿನ ಗಣತಿಯಲ್ಲಿ ಅಲ್ಲಿ ಜನ ಇನ್ನೂ ಕಡಿಮೆ ಎಂದು ಬರೆದುಕೊಳ್ಳುತ್ತೇವೆ. ಇದನ್ನು ನೆಲದ ಗುಣ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಮನೆಗಳು ಇಳಿದದ್ದು ನಾವು ಸಂಕ ಕಟ್ಟದ್ದಕ್ಕೆ.

ಗಣತಿಯ ಫಾರಂನಲ್ಲಿ ಈ ಊರಿಗೆ ಯಾಕೆ ಬಂದಿರಿ ಎಂಬ ಪ್ರಶ್ನೆಯೂ ಇತ್ತು. ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ ಮುಂತಾದ ಕಾರಣಗಳಲ್ಲಿ ಒಂದನ್ನು ಗುರುತು ಮಾಡಿಕೊಳ್ಳಬೇಕು. ಹೆಣ್ಣುಮಕ್ಕಳ ಉತ್ತರ ಬಹುಪಾಲು ಒಂದೇ: "ಲಗ್ನ ಆಗಿ ಬಂದೀನ್ರಿ." ಇಡೀ ದೇಶದಲ್ಲೂ ಹೆಂಗಸರು ಊರು ಬಿಡಲು ಮೊದಲ ಕಾರಣ ಅದೇ. ಒಂದು ಊರಿನಿಂದ ಹೋದಷ್ಟೇ ಹೆಣ್ಣುಮಕ್ಕಳು ಇನ್ನೊಂದು ಊರಿನಿಂದ ಬರುವುದರಿಂದ ಜನಸಾಂದ್ರತೆಯ ಲೆಕ್ಕದಲ್ಲಿ ಇಷ್ಟು ದೊಡ್ಡ ಚಲನೆಯ ಸುಳಿವೂ ಸಿಗದು. ಜನ ತಮಗೆ ಅನುಕೂಲವಾದ ಕಡೆ ನೆಲೆಸುತ್ತಾರೆ ಎಂದು ಪಾಠದಲ್ಲಿ ಬರೆದಿರುತ್ತದೆ. ಆ ಜನರಲ್ಲಿ ಅರ್ಧದಷ್ಟು ಮಂದಿಯನ್ನು ಎಲ್ಲಿ ಅನುಕೂಲ ಎಂದು ಯಾರೂ ಕೇಳಿಲ್ಲ.

ಇನ್ನು ನಾನು ಯಾವ ಗುರುತೂ ಹಾಕಲಾಗದೆ ಬಿಟ್ಟ ಮನೆಗಳೆಂದರೆ ಕೀಲಿ ಹಾಕಿದವು. ಕೆಲವು ವಸ್ತಿಗೆ ಹೋದವರದ್ದು. ಅವರನ್ನು ಹುಡುಕಿಕೊಂಡು ಹೊಲಕ್ಕೆ ಹೋದರಾಯಿತು. ಕೇರಿಯ, ತಾಂಡಾದ ಕೀಲಿಗಳು ಹಾಗಲ್ಲ. ಅವರು ಗುಳೆ ಹೋದವರು: ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗೌಂಡಿ ಕೆಲಸಕ್ಕೆ ಗೋವಾಕ್ಕೆ, ಬೆಂಗಳೂರಿನ ಕಟ್ಟಡಗಳ ಬುಡದ ತಗಡಿನ ಶೆಡ್ಡಿಗೆ. ಫೆಬ್ರವರಿ 9ರಿಂದ 28ರವರೆಗಿನ ಎಣಿಕೆಯ ದಿನಗಳಲ್ಲಿ ಪೂರ್ತಿ ಊರಲ್ಲಿಲ್ಲದವರನ್ನು ಇಲ್ಲಿ ಬರೆಯಬಾರದು, ಇದ್ದಲ್ಲೇ ಬರೆಯುತ್ತಾರೆ ಎನ್ನುವುದು ನಿಯಮ. ಕಬ್ಬಿನ ಗದ್ದೆಯ ಬದಿಯ ಜೋಪಡಿಗೆ ಆ ವೇಳೆಗೆ ಯಾವ ಮೇಷ್ಟ್ರು ಹೋಗಿದ್ದರೋ. ಈ ಜನ ಊರಿನ ದಟ್ಟಣೆಗೂ ಸೇರಲಿಲ್ಲ, ನಗರದ ದಟ್ಟಣೆಗೆ ಸೇರಿದ್ದರೆ ಅದು ಬರೆದುಕೊಳ್ಳಲು ಹೋದವರ ಕಾಳಜಿ. ಕೇರಿಯಲ್ಲಿ ಕಾಲಿಡಲು ಜಾಗವಿಲ್ಲ ಎಂದು ನಾನು ಬರೆದ ಆ ಮೂಲೆಯಿಂದಲೇ ಅವರು ಹೊರಟದ್ದು. ಹೋಗಿ ನಿಂತದ್ದು ಅದಕ್ಕಿಂತ ಇಕ್ಕಟ್ಟಿನ ಜಾಗದಲ್ಲಿ.

2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, ಜನರ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಈ ಸಲ ಮೊಬೈಲಿನಲ್ಲೇ ಎಲ್ಲವನ್ನೂ ದಾಖಲು ಮಾಡಿಕೊಳ್ಳುತ್ತಾರೆ. ನಮ್ಮ ಶಾಲೆಯ ಕಿರಿಯ ಮೇಷ್ಟ್ರುಗಳಿಗೆ ನಾನು ಹೇಳುತ್ತಿರುವುದು ಇಷ್ಟೇ: ಕೀಲಿ ಕಂಡ ಮನೆಯ ಪಕ್ಕದವರ ಹತ್ತಿರ, ಅವರು ಯಾವ ಊರಿಗೆ, ಯಾವ ಮುಕಾದಮನ ಗ್ಯಾಂಗಿನಲ್ಲಿ ಹೋಗಿದ್ದಾರೆ ಎಂದು ಕೇಳಿ, ಫೋನು ಹಚ್ಚಿ, ಅಲ್ಲಿ ಯಾರಾದರೂ ಬರೆದುಕೊಂಡರೇ ಎಂದು ವಿಚಾರಿಸಿ. ಫೆಬ್ರವರಿಯಲ್ಲಿ ಕಬ್ಬಿನ ಹಂಗಾಮು ಇನ್ನೂ ಮುಗಿದಿರುವುದಿಲ್ಲ.